ಕರಡಿಯ ರಕ್ತದಲ್ಲಿ ಏನಿದೆ? ಕಾಡಿನ ಪರಾವಲಂಬಿಗಳು ಹೇಳುವ ಕಥೆ

ರಾಯದುರ್ಗದ ಕಲ್ಲುಗುಡ್ಡ, ಮಡಕಶಿರಾದ ಬೆಟ್ಟದ ಸಾಲು, ನೀಲಗಿರಿಯ ಚಹಾ ತೋಟ, ತಾಳವಾಡಿಯ ಕಾಡಂಚು... ಈ ಊರುಗಳ ಜನಕ್ಕೆ ಕರಡಿ ಹೊಸದೇನಲ್ಲ. ಮುಂಜಾನೆ ಹೊಲಕ್ಕೆ ಹೊರಟವರು, ಸೌದೆಗೆ ಹೋದವರು ಕರಡಿಯ ಉಗುರಿಗೆ ಸಿಕ್ಕಿ ಆಸ್ಪತ್ರೆ ಸೇರಿದ ಸುದ್ದಿ ಆಗಾಗ ಕೇಳುತ್ತಲೇ ಇರುತ್ತೇವೆ. ಆದರೆ ಕರಡಿಯ ಹೊಟ್ಟೆಯಲ್ಲಿ, ಮಾಂಸಖಂಡದಲ್ಲಿ, ಚರ್ಮದ ಒಳಗೆ ಇನ್ನೂ ಎಷ್ಟೋ ಜೀವಿಗಳು ಮನೆ ಮಾಡಿಕೊಂಡಿರುತ್ತವೆ ಎಂಬುದು ನಮಗೆ ನೆನಪಾಗುವುದು ಕಡಿಮೆ. ಇವೇ ಪರಾವಲಂಬಿಗಳು.

'ನೂರಕ್ಕೆ ಎಂಬತ್ತು ಕರಡಿಗಳಲ್ಲಿ ಪರಾವಲಂಬಿಯ ಗುರುತು' ಎಂಬ ಸುದ್ದಿ ಓದಿದರೆ ಯಾರಿಗಾದರೂ ಗಾಬರಿ ಆಗುವುದು ಸಹಜ. ಹಾಗಾದರೆ ಆ ಕರಡಿಗಳೆಲ್ಲ ರೋಗಿಗಳೇ? ಅವುಗಳಿಂದ ನಮಗೂ ರೋಗ ಬರುತ್ತದೆಯೇ? ಈ ಪ್ರಶ್ನೆಗಳಿಗೆ ಉತ್ತರ ಹುಡುಕುವ ಕೆಲಸ ಹೆಚ್ಚಾಗಿ ನಡೆದಿರುವುದು ಉತ್ತರ ಅಮೆರಿಕದಲ್ಲಿ ಮತ್ತು ಉತ್ತರ ಧ್ರುವದ ಸುತ್ತಮುತ್ತ. ಆದ್ದರಿಂದ ಮೊದಲು ಅಲ್ಲಿಗೆ ಹೋಗಿ, ಆಮೇಲೆ ನಮ್ಮ ಕರಡಿಯ ಕಡೆಗೆ ಬರೋಣ.

ಒಂದು ಕುಟುಂಬದ ಊಟ

2022ರ ಬೇಸಿಗೆ. ಅಮೆರಿಕದ ಸೌತ್ ಡಕೋಟ ರಾಜ್ಯದಲ್ಲಿ ಒಂದು ಕುಟುಂಬದವರೆಲ್ಲ ಬೇರೆ ಬೇರೆ ರಾಜ್ಯಗಳಿಂದ ಬಂದು ಒಂದೆಡೆ ಸೇರಿದ್ದರು. ಅವರಲ್ಲಿ ಒಬ್ಬರು ಅದೇ ವರ್ಷ ಮೇ ತಿಂಗಳಲ್ಲಿ ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ಉತ್ತರ ಭಾಗದಲ್ಲಿ ಕಪ್ಪು ಕರಡಿಯೊಂದನ್ನು ಬೇಟೆಯಾಡಿದ್ದರು. ಅಲ್ಲಿ ಪರವಾನಗಿ ಪಡೆದು ಕರಡಿ ಬೇಟೆಯಾಡಲು ಕಾನೂನಿನ ಅನುಮತಿ ಇದೆ. ಫ್ರೀಜರಿನಲ್ಲಿಟ್ಟರೆ ಪರಾವಲಂಬಿಗಳು ಸಾಯುತ್ತವೆ ಎಂಬ ಸಲಹೆಯಂತೆ ಮಾಂಸವನ್ನು 45 ದಿನ ಹೆಪ್ಪುಗಟ್ಟಿಸಿ ಇಡಲಾಗಿತ್ತು.

ಕೂಟದ ದಿನ ಆ ಮಾಂಸವನ್ನು ತರಕಾರಿಗಳ ಜೊತೆ ಸುಟ್ಟು ಕಬಾಬ್ ಮಾಡಿದರು. ಕರಡಿ ಮಾಂಸದ ಬಣ್ಣವೇ ಕಡುಕಪ್ಪು. ಬೆಂದಿದೆಯೋ ಇಲ್ಲವೋ ಎಂದು ನೋಡಿ ಹೇಳುವುದು ಕಷ್ಟ. ಕೆಲವರು ತಿನ್ನಲು ಶುರು ಮಾಡಿದ ಮೇಲೆ ಅರೆಬೆಂದಿರುವುದು ಗೊತ್ತಾಗಿ, ಮತ್ತೆ ಬೇಯಿಸಿ ಬಡಿಸಿದರು.

ಕೆಲವು ದಿನಗಳಲ್ಲೇ 29 ವರ್ಷದ ಒಬ್ಬ ಯುವಕನಿಗೆ ಜ್ವರ, ವಿಪರೀತ ಮೈಕೈ ನೋವು, ಕಣ್ಣಿನ ಸುತ್ತ ಊತ. ರಕ್ತ ಪರೀಕ್ಷೆಯಲ್ಲಿ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಏರಿದ್ದವು. ವೈದ್ಯರು ವಿಚಾರಿಸಿದಾಗ ಕರಡಿ ಮಾಂಸದ ಊಟದ ವಿಷಯ ಹೊರಬಂತು. ಕೊನೆಗೆ ಆ ಕುಟುಂಬದ 6 ಜನರಿಗೆ ಕಾಯಿಲೆ ತಗುಲಿದ್ದು ಗೊತ್ತಾಯಿತು. ಮೂವರು ಆಸ್ಪತ್ರೆ ಸೇರಬೇಕಾಯಿತು. ಇದರಲ್ಲಿ ವಿಚಿತ್ರವೆಂದರೆ, ಆರರಲ್ಲಿ ಇಬ್ಬರು ಮಾಂಸವನ್ನೇ ಮುಟ್ಟಿರಲಿಲ್ಲ! ಮಾಂಸದ ಜೊತೆ ಬೆಂದ ತರಕಾರಿ ಮಾತ್ರ ತಿಂದಿದ್ದರು. ಸದ್ಯ, ಎಲ್ಲರೂ ಗುಣಮುಖರಾದರು.

ಫ್ರೀಜರಿನಲ್ಲಿ ಉಳಿದಿದ್ದ ಮಾಂಸವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಂಡದ್ದೇನು? ಮೂರು ತಿಂಗಳಿಗೂ ಹೆಚ್ಚು ಕಾಲ ಹೆಪ್ಪುಗಟ್ಟಿದ್ದರೂ ಹುಳುಗಳು ಇನ್ನೂ ಅಲುಗಾಡುತ್ತಿದ್ದವು. ಆ ಹುಳುವಿನ ಹೆಸರು ಟ್ರಿಕಿನೆಲ್ಲಾ ನೇಟಿವಾ.

ಏನಿದು ಟ್ರಿಕಿನೆಲ್ಲಾ?

ಟ್ರಿಕಿನೆಲ್ಲಾ ಕಣ್ಣಿಗೆ ಸುಲಭವಾಗಿ ಕಾಣದಷ್ಟು ಸಣ್ಣ ದುಂಡುಹುಳು. 1835ರಲ್ಲಿ ಲಂಡನ್ನಿನ ವೈದ್ಯಕೀಯ ವಿದ್ಯಾರ್ಥಿ ಜೇಮ್ಸ್ ಪ್ಯಾಜೆಟ್ ಶವಪರೀಕ್ಷೆಯ ವೇಳೆ ಮನುಷ್ಯನ ಮಾಂಸಖಂಡದಲ್ಲಿ ಇದನ್ನು ಮೊದಲು ಗಮನಿಸಿದರು. ಇದರ ಬದುಕು ಬಹಳ ಸರಳ. ಮಾಂಸಖಂಡದ ಒಳಗೆ ಮರಿಹುಳು ಸುರುಳಿ ಸುತ್ತಿಕೊಂಡು ಮಲಗಿರುತ್ತದೆ. ಆ ಮಾಂಸವನ್ನು ಇನ್ನೊಂದು ಪ್ರಾಣಿ ತಿಂದಾಗ ಹೊಟ್ಟೆಯ ಆಮ್ಲ ಅದರ ಕೋಶವನ್ನು ಕರಗಿಸಿ ಮರಿಯನ್ನು ಬಿಡುಗಡೆ ಮಾಡುತ್ತದೆ. ಕೆಲವೇ ದಿನಗಳಲ್ಲಿ ಅದು ಸಣ್ಣ ಕರುಳಿನಲ್ಲಿ ದೊಡ್ಡದಾಗಿ, ಹೆಣ್ಣುಹುಳು ಮರಿಗಳನ್ನು ಹಾಕುತ್ತದೆ. ಆ ಮರಿಗಳು ರಕ್ತದ ಮೂಲಕ ಹರಿದು ಹೊಸ ಪ್ರಾಣಿಯ ಮಾಂಸಖಂಡ ಸೇರುತ್ತವೆ. ಅಲ್ಲಿ ಮತ್ತೆ ಸುರುಳಿ, ಮತ್ತೆ ಕಾಯುವಿಕೆ. ಮಾಂಸದಿಂದ ಮಾಂಸಕ್ಕೆ ಪಯಣ. ಮಣ್ಣು, ನೀರು, ಸೊಳ್ಳೆ ಯಾವುದೂ ಬೇಡ. ಒಬ್ಬ ಮನುಷ್ಯನಿಂದ ಇನ್ನೊಬ್ಬನಿಗೆ ಹರಡುವುದೂ ಇಲ್ಲ.

ಕರಡಿಗೆ ಇದು ಬರುವುದು ಹೇಗೆ? ಸತ್ತ ಪ್ರಾಣಿಗಳ ಮಾಂಸ, ಇಲಿ ಹೆಗ್ಗಣ, ಕೆಲವೊಮ್ಮೆ ಇನ್ನೊಂದು ಕರಡಿಯ ಶವ ತಿಂದಾಗ. ಬೇಟೆಗಾರರು ಪ್ರಾಣಿಯನ್ನು ಸೀಳಿ ಬೇಡದ ಭಾಗಗಳನ್ನು ಕಾಡಿನಲ್ಲೇ ಎಸೆದು ಹೋದರೆ ಅದೂ ಒಂದು ದಾರಿ.

ಹಂದಿಮಾಂಸದಲ್ಲಿ ಸಾಮಾನ್ಯವಾಗಿ ಕಾಣುವ ಟ್ರಿಕಿನೆಲ್ಲಾ ಸ್ಪೈರಾಲಿಸ್ ಎಂಬ ಜಾತಿ ಚಳಿ ತಡೆಯುವುದಿಲ್ಲ. ತೆಳುವಾಗಿ ಕತ್ತರಿಸಿದ ಹಂದಿಮಾಂಸವನ್ನು ಸೊನ್ನೆಗಿಂತ 15 ಡಿಗ್ರಿ ಸೆಲ್ಸಿಯಸ್ ಕೆಳಗೆ ಮೂರು ವಾರ ಇಟ್ಟರೆ ಅದು ಸಾಯುತ್ತದೆ. ಆದರೆ ಹಿಮದ ನಾಡಿನ ಕರಡಿ, ನರಿಗಳಲ್ಲಿ ಬದುಕಲು ಒಗ್ಗಿಕೊಂಡ ನೇಟಿವಾ ಜಾತಿಗೆ ಹಿಮವೇ ತವರು. ಹಂದಿಮಾಂಸಕ್ಕೆ ಸರಿಯಾದ ನಿಯಮವನ್ನು ಕರಡಿ ಮಾಂಸಕ್ಕೆ ಅನ್ವಯಿಸಿದ್ದೇ ಆ ಕುಟುಂಬ ಮಾಡಿದ ತಪ್ಪು. ಉಪ್ಪು ಹಾಕಿ ಒಣಗಿಸುವುದು, ಹೊಗೆ ಹಿಡಿಸುವುದು ಕೂಡ ನಂಬಿಕೆಗೆ ಅರ್ಹವಲ್ಲ. ಮಾಂಸದ ಒಳಭಾಗ 74 ಡಿಗ್ರಿ ಸೆಲ್ಸಿಯಸ್ ತಲುಪುವಂತೆ ಬೇಯಿಸುವುದೊಂದೇ ಖಚಿತ ಉಪಾಯ.

ಬಲೂನ್ ಯಾತ್ರಿಗಳನ್ನು ಕೊಂದದ್ದು ಕರಡಿ ಮಾಂಸವೇ?

ಈ ಹುಳುವಿನ ಹೆಸರು ಒಂದು ಹಳೆಯ ದುರಂತದ ಜೊತೆಯೂ ತಳಕು ಹಾಕಿಕೊಂಡಿದೆ. 1897ರ ಜುಲೈನಲ್ಲಿ ಸ್ವೀಡನ್ನಿನ ಎಸ್. ಎ. ಆಂದ್ರೇ ಮತ್ತು ಇಬ್ಬರು ಸಂಗಡಿಗರು ಬಲೂನಿನಲ್ಲಿ ಉತ್ತರ ಧ್ರುವಕ್ಕೆ ಹೊರಟರು. ಕೆಲವೇ ದಿನಗಳಲ್ಲಿ ಬಲೂನು ಹಿಮದ ಮೇಲೆ ಇಳಿಯಿತು. ಮೂವರೂ ಹಿಮದ ಮೇಲೆ ನಡೆಯುತ್ತಾ, ಹಿಮಕರಡಿಗಳನ್ನು ಬೇಟೆಯಾಡಿ ತಿನ್ನುತ್ತಾ ಸಾಗಿದರು. ಆಮೇಲೆ ಸುದ್ದಿಯೇ ಇಲ್ಲ. 33 ವರ್ಷಗಳ ನಂತರ, 1930ರಲ್ಲಿ ಕ್ವಿಟೋಯಾ ಎಂಬ ದ್ವೀಪದಲ್ಲಿ ಅವರ ಶವಗಳು, ದಿನಚರಿ, ಫೋಟೋ ಫಿಲ್ಮುಗಳು ಸಿಕ್ಕವು. ಕೈಯಲ್ಲಿ ಆಹಾರವಿತ್ತು, ಬಂದೂಕು ಇತ್ತು. ಆದರೂ ಸತ್ತದ್ದು ಹೇಗೆ?

ಡೆನ್ಮಾರ್ಕಿನ ವೈದ್ಯ ಎರ್ನ್‌ಸ್ಟ್ ಟ್ರೀಡೆ, ಯಾತ್ರಿಗಳ ಜೊತೆ ಸಿಕ್ಕಿದ್ದ ಹಿಮಕರಡಿಯ ಅವಶೇಷವನ್ನು ಪರೀಕ್ಷಿಸಿ ಅದರಲ್ಲಿ ಟ್ರಿಕಿನೆಲ್ಲಾ ಮರಿಗಳನ್ನು ಕಂಡರು. ಅರೆಬೆಂದ ಕರಡಿ ಮಾಂಸದಿಂದ ಬಂದ ಕಾಯಿಲೆಯೇ ಸಾವಿಗೆ ಕಾರಣ ಎಂದು 1952ರಲ್ಲಿ ವಾದಿಸಿದರು. ಚಳಿ, ಬಳಲಿಕೆ ಮುಂತಾದ ಬೇರೆ ಕಾರಣಗಳನ್ನು ಹೇಳುವವರೂ ಇದ್ದಾರೆ. ವಾದ ಇನ್ನೂ ಮುಗಿದಿಲ್ಲ. ಇಲ್ಲೂ ಒಂದು ಪಾಠವಿದೆ. ಕರಡಿಯಲ್ಲಿ ಹುಳು ಇತ್ತು ಎಂಬುದು ಒಂದು ಮಾತು. ಅದೇ ಹುಳು ಇವರನ್ನು ಕೊಂದಿತು ಎಂಬುದು ಇನ್ನೊಂದು ಮಾತು. ಮೊದಲನೆಯದು ಸಾಬೀತಾದ ಮಾತ್ರಕ್ಕೆ ಎರಡನೆಯದು ಸಾಬೀತಾಗುವುದಿಲ್ಲ.

ಗುರುತು ಬೇರೆ, ಕಾಯಿಲೆ ಬೇರೆ

ಜೀವಂತ ಕರಡಿಯ ಮಾಂಸ ಕತ್ತರಿಸಿ ನೋಡಲು ಆಗುವುದಿಲ್ಲವಲ್ಲ! ಆದ್ದರಿಂದ ವಿಜ್ಞಾನಿಗಳು ಹೆಚ್ಚಾಗಿ ನೆಚ್ಚಿಕೊಳ್ಳುವುದು ರಕ್ತವನ್ನು. ಅರಿವಳಿಕೆ ಚುಚ್ಚಿ ಕರಡಿಗೆ ರೇಡಿಯೋ ಕಾಲರ್ ಹಾಕುವಾಗ ಸ್ವಲ್ಪ ರಕ್ತ ತೆಗೆದುಕೊಳ್ಳುತ್ತಾರೆ. ಬೇಟೆಗೆ ಅನುಮತಿ ಇರುವ ಕಡೆ ಬೇಟೆಗಾರರು ತಂದ ಕರಡಿಗಳಿಂದಲೂ ಸ್ಯಾಂಪಲ್ ಸಿಗುತ್ತದೆ.

ಆ ರಕ್ತದಲ್ಲಿ ಹುಡುಕುವುದು ಹುಳುವನ್ನಲ್ಲ, ಪ್ರತಿಕಾಯಗಳನ್ನು. ರೋಗಾಣು ಅಥವಾ ಪರಾವಲಂಬಿ ಮೈಯೊಳಗೆ ಬಂದಾಗ ಅದರ ವಿರುದ್ಧ ಶರೀರ ತಯಾರಿಸುವ ವಸ್ತುವೇ ಪ್ರತಿಕಾಯ. ಕೋವಿಡ್ ಕಾಲದಲ್ಲಿ ನಾವೆಲ್ಲ ಈ ಮಾತು ಕೇಳಿದ್ದೇವೆ. ಯಾವ ಲಕ್ಷಣವೂ ಕಾಣದವರ ರಕ್ತದಲ್ಲೂ ಪ್ರತಿಕಾಯ ಸಿಕ್ಕಿತ್ತು, ನೆನಪಿದೆಯೇ? ಕರಡಿಯ ವಿಷಯವೂ ಹಾಗೆಯೇ. ಪ್ರತಿಕಾಯ ಸಿಕ್ಕಿತು ಎಂದರೆ ಆ ಕರಡಿ ಎಂದೋ ಒಂದು ದಿನ ಆ ಪರಾವಲಂಬಿಯ ಸಂಪರ್ಕಕ್ಕೆ ಬಂದಿತ್ತು ಎಂದರ್ಥ. ಈಗ ಕಾಯಿಲೆ ಬಿದ್ದಿದೆ ಎಂದಲ್ಲ. ಮರಿಗಳ ರಕ್ತದಲ್ಲಿ ತಾಯಿಯಿಂದ ಬಂದ ಪ್ರತಿಕಾಯಗಳೂ ಇರಬಹುದು. ಒಂದು ಪರಾವಲಂಬಿಗೆ ಮಾಡಿದ ಪರೀಕ್ಷೆ ಅದರ ದಾಯಾದಿ ಪರಾವಲಂಬಿಗೂ ಪಾಸಿಟಿವ್ ತೋರಿಸಬಹುದು. ವಯಸ್ಸಾದ ಕರಡಿಗಳಲ್ಲಿ ಗುರುತು ಹೆಚ್ಚು ಕಾಣುವುದೂ ಸಹಜ, ಏಕೆಂದರೆ ಅವು ಹೆಚ್ಚು ವರ್ಷ ತಿಂದು ತಿರುಗಿವೆ.

ಆರಂಭದಲ್ಲಿ ಹೇಳಿದ 'ನೂರಕ್ಕೆ ಎಂಬತ್ತು' ಎಂಬ ಲೆಕ್ಕ ಬಂದದ್ದು ಅಮೆರಿಕದ ಪೆನ್ಸಿಲ್ವೇನಿಯಾದಿಂದ. 1993ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅಲ್ಲಿನ ಕಪ್ಪು ಕರಡಿಗಳಲ್ಲಿ ಸುಮಾರು ಶೇ. 80ರಷ್ಟಕ್ಕೆ ಟಾಕ್ಸೊಪ್ಲಾಸ್ಮಾ ಗೊಂಡಿಯೈ ಎಂಬ ಏಕಕೋಶ ಪರಾವಲಂಬಿಯ ಪ್ರತಿಕಾಯಗಳಿದ್ದವು. ಹಾಗೆಂದು ಅಲ್ಲಿನ ಕರಡಿಗಳು ಸಾಲುಸಾಲಾಗಿ ಸಾಯಲಿಲ್ಲ. ಆರೋಗ್ಯವಂತ ಕರಡಿ ಈ ಪರಾವಲಂಬಿಯನ್ನು ಮೈಯಲ್ಲಿ ಇಟ್ಟುಕೊಂಡೇ ಬದುಕಬಲ್ಲದು.

ಹಾಗಾದರೆ ಈ ಲೆಕ್ಕದಿಂದ ಪ್ರಯೋಜನವೇನು? ಟಾಕ್ಸೊಪ್ಲಾಸ್ಮಾ ಮೊಟ್ಟೆಯಂಥ ಕೋಶಗಳನ್ನು ಹೊರಹಾಕುವುದು ಬೆಕ್ಕಿನ ಜಾತಿಯ ಪ್ರಾಣಿಗಳಲ್ಲಿ ಮಾತ್ರ. ಬೆಕ್ಕಿನ ಮಲದಿಂದ ಮಣ್ಣಿಗೆ, ನೀರಿಗೆ, ಅಲ್ಲಿಂದ ಇಲಿ, ಹಕ್ಕಿ, ಜಿಂಕೆ, ಹಂದಿ, ಮನುಷ್ಯ ಎಲ್ಲರಿಗೂ ಅದು ಸೇರುತ್ತದೆ. ಕರಡಿ ಹಣ್ಣು, ಬೇರು, ಹುಳು, ಹೆಣ, ಕಸದ ತೊಟ್ಟಿ ಎಲ್ಲವನ್ನೂ ಮುಟ್ಟುವ ಪ್ರಾಣಿ. ಆದ್ದರಿಂದ ಒಂದು ಪ್ರದೇಶದ ಮಣ್ಣಿನಲ್ಲಿ, ನೀರಿನಲ್ಲಿ, ಮಾಂಸದಲ್ಲಿ ಏನೇನು ಸೇರಿದೆ ಎಂಬುದರ ಲೆಕ್ಕಪುಸ್ತಕ ಇದ್ದಂತೆ ಕರಡಿಯ ರಕ್ತ.

ಬೆಕ್ಕಿಲ್ಲದ ಊರಿಗೆ ಬೆಕ್ಕಿನ ಪರಾವಲಂಬಿ!

ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ ಕಾಡುಬೆಕ್ಕುಗಳಿಲ್ಲ. ಹಕ್ಕಿಗಳ ರಕ್ಷಣೆಗಾಗಿ ಸಾಕುಬೆಕ್ಕಿಗೂ ನಿಷೇಧ. ಆದರೂ ಅಲ್ಲಿನ ಹಿಮಕರಡಿಗಳ ರಕ್ತದಲ್ಲಿ ಟಾಕ್ಸೊಪ್ಲಾಸ್ಮಾ ಪ್ರತಿಕಾಯ ಇದೆ. ಒಂದು ದಶಕದಲ್ಲಿ ಅದು ಸುಮಾರು ದುಪ್ಪಟ್ಟಾಗಿದೆ ಎಂದು 2010ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಬೆಕ್ಕೇ ಇಲ್ಲದ ಕಡೆ ಇದು ಬಂದದ್ದು ಹೇಗೆ?

ವಿಜ್ಞಾನಿಗಳ ಅನುಮಾನ ವಲಸೆ ಹೆಬ್ಬಾತುಗಳ ಮೇಲೆ. ಚಳಿಗಾಲವನ್ನು ಬ್ರಿಟನ್ನಿನ ಹುಲ್ಲುಗಾವಲುಗಳಲ್ಲಿ ಕಳೆಯುವ ಹೆಬ್ಬಾತುಗಳು ಬೇಸಿಗೆಯಲ್ಲಿ ಸ್ವಾಲ್ಬಾರ್ಡ್‌ಗೆ ಬರುತ್ತವೆ. ಅವುಗಳಲ್ಲೂ ಈ ಪ್ರತಿಕಾಯ ಸಿಕ್ಕಿದೆ. ಹೆಬ್ಬಾತನ್ನು ನರಿ ತಿನ್ನುತ್ತದೆ, ಕರಡಿಯೂ ತಿನ್ನುತ್ತದೆ. ಸಮುದ್ರಕ್ಕೆ ಹರಿದು ಸೇರಿದ ಕೋಶಗಳು ಕಡಲಪ್ರಾಣಿಗಳ ಮೂಲಕ ಬಂದಿರಲೂಬಹುದು. ಎಲ್ಲೋ ಒಂದು ಊರಿನ ಬೆಕ್ಕಿನ ಮಲ, ಸಾವಿರಾರು ಕಿಲೋಮೀಟರ್ ದೂರದ ಹಿಮಕರಡಿಯ ರಕ್ತದಲ್ಲಿ ಗುರುತು ಬಿಡುತ್ತದೆ.

ಅಲಾಸ್ಕಾ ಮತ್ತು ರಷ್ಯಾ ನಡುವಿನ ಚುಕ್ಚಿ ಸಮುದ್ರದ ಹಿಮಕರಡಿಗಳ ಬಗ್ಗೆ 2024ರಲ್ಲಿ ಇನ್ನೊಂದು ಅಧ್ಯಯನ ಪ್ರಕಟವಾಯಿತು. 1987ರಿಂದ 1994ರವರೆಗೆ ತೆಗೆದ ರಕ್ತವನ್ನು 2008ರಿಂದ 2017ರವರೆಗೆ ತೆಗೆದ ರಕ್ತದ ಜೊತೆ ಹೋಲಿಸಿದರು. ಪರೀಕ್ಷಿಸಿದ 6 ರೋಗಕಾರಕಗಳಲ್ಲಿ ಐದರ ಸಂಪರ್ಕ ಹೆಚ್ಚಿತ್ತು. ಟಾಕ್ಸೊಪ್ಲಾಸ್ಮಾ ಮತ್ತು ಅದರ ದಾಯಾದಿಯಾದ ನಿಯೋಸ್ಪೋರಾ ಎಂಬ ಎರಡು ಪರಾವಲಂಬಿಗಳು ಆ ಐದರಲ್ಲಿ ಸೇರಿವೆ. ಈ ಅವಧಿಯಲ್ಲಿ ಕಡಲಿನ ಹಿಮ ಕರಗಿ ಕರಡಿಗಳು ನೆಲದ ಮೇಲೆ ಹೆಚ್ಚು ದಿನ ಕಳೆಯುವಂತಾಗಿದೆ, ಬೆಚ್ಚಗಾದ ಉತ್ತರದಲ್ಲಿ ರೋಗಕಾರಕಗಳು ಉಳಿಯುವುದೂ ಸುಲಭವಾಗಿದೆ. ಇವುಗಳಿಂದ ಕರಡಿಗಳ ಆರೋಗ್ಯ ಕೆಟ್ಟಿದೆ ಎಂದು ಆ ಅಧ್ಯಯನ ಹೇಳಿಲ್ಲ. ಲೆಕ್ಕಪುಸ್ತಕದಲ್ಲಿ ಹೊಸ ಸಾಲುಗಳು ಬರುತ್ತಿವೆ, ಎಚ್ಚರ ಇರಲಿ ಎಂದಷ್ಟೇ ಹೇಳಿದೆ.

ಕಜ್ಜಿ ಹಚ್ಚುವ ನುಸಿ

ಎಲ್ಲ ಪರಾವಲಂಬಿಗಳೂ ಸುಮ್ಮನೆ ಇರುತ್ತವೆ ಎಂದೂ ತಿಳಿಯಬೇಕಿಲ್ಲ. ಅದೇ ಪೆನ್ಸಿಲ್ವೇನಿಯಾದಲ್ಲಿ 1990ರ ದಶಕದಿಂದ ಕರಡಿಗಳಲ್ಲಿ ಕಜ್ಜಿ ರೋಗ ಹರಡಿ, ನೆರೆಯ ರಾಜ್ಯಗಳಿಗೂ ಹೋಗಿದೆ. ಇದಕ್ಕೆ ಕಾರಣ ಸಾರ್ಕಾಪ್ಟಿಸ್ ಎಂಬ ನುಸಿ. ನಮ್ಮ ಬೀದಿನಾಯಿಗಳ ಕೂದಲು ಉದುರಿಸುವ, ಮನುಷ್ಯರಿಗೂ ತುರಿಕಜ್ಜಿ ತರುವ ನುಸಿಯ ಜಾತಿಯೇ ಇದು. ಚರ್ಮದೊಳಗೆ ಸುರಂಗ ಕೊರೆಯುವ ಈ ನುಸಿ ಹೆಚ್ಚಾದರೆ ಕರಡಿಯ ಕೂದಲೆಲ್ಲ ಉದುರಿ, ಚರ್ಮ ದಪ್ಪಗಟ್ಟಿ, ಪ್ರಾಣಿ ಸೊರಗಿ ಸಾಯಬಹುದು.

ಕರಡಿ ಒಂಟಿಯಾಗಿ ತಿರುಗುವ ಪ್ರಾಣಿ. ಹಾಗಿದ್ದರೂ ನುಸಿ ಒಂದರಿಂದ ಒಂದಕ್ಕೆ ದಾಟುವುದು ಅವು ಒಂದೇ ಕಡೆ ಸೇರಿದಾಗ, ಒಂದೇ ಮರಕ್ಕೆ ಮೈ ಉಜ್ಜಿದಾಗ, ಒಂದೇ ಗವಿಯಲ್ಲಿ ಮಲಗಿದಾಗ. ಮನುಷ್ಯರು ಇಡುವ ಆಹಾರ ಮತ್ತು ಕಸದ ರಾಶಿ ಒಂಟಿ ಪ್ರಾಣಿಗಳನ್ನು ಒಂದೇ ಕಡೆ ಸೇರಿಸುತ್ತವೆ. ಕಾಡುಪ್ರಾಣಿಗೆ ತಿಂಡಿ ಇಡಬೇಡಿ ಎಂದು ತಜ್ಞರು ಹೇಳುವುದಕ್ಕೆ ಇದೂ ಒಂದು ಕಾರಣ.

ನಮ್ಮ ಕರಡಿಯ ಕಥೆ ಏನು?

ಗಡಿಯ ಎರಡೂ ಬದಿಯಲ್ಲಿ ನಮಗೆ ಕಾಣುವ ಕರಡಿ ಬೇರೆಯೇ ಜಾತಿ. ಗೆದ್ದಲು, ಇರುವೆ, ಜೇನು, ಹಣ್ಣುಗಳೇ ಇದರ ಮುಖ್ಯ ಆಹಾರ. ಮೇಲಿನ ಸಾಲಿನ ಮುಂದಿನ ಎರಡು ಹಲ್ಲುಗಳೇ ಇದಕ್ಕಿಲ್ಲ. ಆ ಸಂದಿನಿಂದ ಹುತ್ತದ ಗೆದ್ದಲುಗಳನ್ನು ಸೊರ್ರೆಂದು ಹೀರಿಕೊಳ್ಳುತ್ತದೆ. ಹಣ್ಣಿನ ಕಾಲದಲ್ಲಿ ಇದರ ಲದ್ದಿಯ ತುಂಬ ನೇರಳೆ, ಬೋರೆ, ಕಕ್ಕೆ ಬೀಜಗಳೇ ಕಾಣುತ್ತವೆ. ಮಾಂಸ ತಿನ್ನುವುದು ತೀರಾ ಕಡಿಮೆ. ಆದ್ದರಿಂದ ಮಾಂಸದಿಂದ ಮಾಂಸಕ್ಕೆ ಹೋಗುವ ಟ್ರಿಕಿನೆಲ್ಲಾಗೆ ಇಲ್ಲಿ ದಾರಿ ಕಿರಿದು.

ಆದರೆ ಮಣ್ಣಿನ ದಾರಿ ಅಗಲವಾಗಿಯೇ ಇದೆ. ಹುತ್ತ ಬಗೆದು ಮಣ್ಣಿನ ಸಮೇತ ಹೀರುವ ಪ್ರಾಣಿಗೆ ಮಣ್ಣಿನಲ್ಲಿರುವ ಹುಳುಮೊಟ್ಟೆಗಳು ಸೇರುವುದು ಸುಲಭ. ಕರಡಿಗಳ ಕರುಳಿನಲ್ಲಿ ಬದುಕುವ ಬೇಲಿಸ್ಯಾಸ್ಕರಿಸ್ ಎಂಬ ಜಂತುಹುಳುಗಳಿವೆ. ಅದರಲ್ಲಿ ಒಂದು ಜಾತಿಯನ್ನು ನಮ್ಮ ಕರಡಿಯಲ್ಲೇ ಗುರುತಿಸಿ ಹೆಸರಿಸಲಾಗಿದೆ. ಈ ಗುಂಪಿನ ಹುಳುಗಳ ಮೊಟ್ಟೆಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯಬಲ್ಲವು. ತಾಯಿಕರಡಿ ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುವುದರಿಂದ ಉಣ್ಣೆಗಳು ತಾಯಿಯಿಂದ ಮರಿಗೆ ದಾಟುವುದೂ ಸಲೀಸು.

ಇನ್ನು ಊರಿನ ಪಾಲು. ನೀಲಗಿರಿಯ ಕೋತಗಿರಿ, ಕೂನೂರು ಕಡೆ ಕರಡಿಗಳು ಚಹಾ ತೋಟದ ನಡುವಿನ ಮನೆಗಳ ತನಕ ಬರುತ್ತವೆ. ಎಣ್ಣೆಯ ಆಸೆಗೆ ಗುಡಿಯ ಬಾಗಿಲು ಮುರಿದ ಸುದ್ದಿಗಳೂ ಇವೆ. ಕಸದ ಗುಂಡಿಯಲ್ಲಿ ಕರಡಿ ಬಾಯಿ ಹಾಕುವ ಜಾಗದಲ್ಲೇ ಬೀದಿನಾಯಿ, ಬೆಕ್ಕು, ಹೆಗ್ಗಣಗಳೂ ಇರುತ್ತವೆ. ರಾಯದುರ್ಗದವರಿಗೆ ಹತ್ತಿರದ ಬಳ್ಳಾರಿ ಸೀಮೆಯಲ್ಲಿ 1994ರಲ್ಲಿ ಶುರುವಾದ ದರೋಜಿ ಕರಡಿಧಾಮ ಗೊತ್ತೇ ಇದೆ. ಬಂಡೆಗೆ ಬೆಲ್ಲದ ಪಾಕ ಸವರಿ ಕರಡಿಗಳನ್ನು ನೋಡುಗರಿಗೆ ಕಾಣಿಸುವುದು ಅಲ್ಲಿ ಹೆಸರಾದ ಪದ್ಧತಿ. ಅರಣ್ಯ ಇಲಾಖೆಯ ನಿಗಾ ಇರುವ ಜಾಗದ ಮಾತು ಬೇರೆ. ಅದನ್ನು ನೋಡಿ ತಮ್ಮ ಊರಿನ ಗುಡ್ಡದಲ್ಲೂ ಕರಡಿಗೆ ಪ್ರಸಾದ, ಬೆಲ್ಲ, ಬಾಳೆಹಣ್ಣು ಇಡಲು ಹೊರಟರೆ ಅದು ಕರಡಿಗೂ ಒಳ್ಳೆಯದಲ್ಲ, ಊರಿಗೂ ಒಳ್ಳೆಯದಲ್ಲ.

ನಾವು ನೆನಪಿಡಬೇಕಾದದ್ದು

ದೂರದಲ್ಲಿ ಹಾದುಹೋದ ಕರಡಿಯಿಂದ ಯಾವ ಪರಾವಲಂಬಿಯೂ ಹಾರಿ ಬಂದು ನಮಗೆ ಅಂಟುವುದಿಲ್ಲ. ಅಪಾಯ ಇರುವುದು ಮುಟ್ಟುವುದರಲ್ಲಿ, ತಿನ್ನುವುದರಲ್ಲಿ. ಆದ್ದರಿಂದ,

* ಸತ್ತ ಕರಡಿ ಕಂಡರೆ ಮುಟ್ಟಬೇಡಿ. ಕೂದಲು, ಉಗುರು ಕಿತ್ತುಕೊಳ್ಳಬೇಡಿ. ಅರಣ್ಯ ಇಲಾಖೆಗೆ ತಿಳಿಸಿ. ನಾಯಿಗಳನ್ನೂ ಹತ್ತಿರ ಬಿಡಬೇಡಿ.

* ಕರಡಿ ಮಾಂಸ, ಕೊಬ್ಬು, ಪಿತ್ತಕೋಶ ಔಷಧಿ ಎಂಬ ಮಾತು ನಂಬಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿ ನಮ್ಮ ಕರಡಿ ಇದೆ. ಅದನ್ನು ಕೊಲ್ಲುವುದು, ಅದರ ಅಂಗಗಳನ್ನು ಇಟ್ಟುಕೊಳ್ಳುವುದು ಅಪರಾಧ.

* ಟ್ರಿಕಿನೆಲ್ಲಾ ಕರಡಿಯದ್ದು ಮಾತ್ರವಲ್ಲ. ಉತ್ತರಾಖಂಡದಲ್ಲಿ ಸರಿಯಾಗಿ ಬೇಯದ ಹಂದಿಮಾಂಸ ತಿಂದವರಲ್ಲಿ ಈ ಕಾಯಿಲೆ ಗುಂಪಾಗಿ ಕಾಣಿಸಿಕೊಂಡದ್ದು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿದೆ. ಹಂದಿಮಾಂಸ ತಿನ್ನುವವರು ಒಳಗಿನ ತನಕ ಚೆನ್ನಾಗಿ ಬೇಯಿಸಿ. ಹಸಿಮಾಂಸ ಕತ್ತರಿಸಿದ ಚಾಕು, ಹಲಗೆಯಲ್ಲಿ ತರಕಾರಿ ಹೆಚ್ಚಬೇಡಿ. ತಿಂದ ಕೆಲವು ದಿನ ಅಥವಾ ವಾರಗಳಲ್ಲಿ ಜ್ವರ, ಮೈಕೈ ನೋವು, ಕಣ್ಣಿನ ಸುತ್ತ ಊತ ಬಂದರೆ ಏನು ತಿಂದಿದ್ದಿರಿ ಎಂಬುದನ್ನು ಮುಚ್ಚಿಡದೆ ವೈದ್ಯರಿಗೆ ಹೇಳಿ. ಇದಕ್ಕೆ ಔಷಧಿ ಇದೆ. ಬೇಗ ಗೊತ್ತಾದಷ್ಟೂ ಒಳ್ಳೆಯದು.

* ಟಾಕ್ಸೊಪ್ಲಾಸ್ಮಾ ವಿಷಯದಲ್ಲಿ ಗರ್ಭಿಣಿಯರು ಹೆಚ್ಚು ಎಚ್ಚರದಿಂದಿರಬೇಕು. ಮಣ್ಣಿನ ಕೆಲಸದ ನಂತರ ಕೈ ತೊಳೆಯುವುದು, ತರಕಾರಿ ಚೆನ್ನಾಗಿ ತೊಳೆಯುವುದು, ಬೆಕ್ಕಿನ ಮಲವನ್ನು ಬೇರೆಯವರಿಂದ ಸ್ವಚ್ಛ ಮಾಡಿಸುವುದು ಒಳ್ಳೆಯದು.

* ಕಾಡಂಚಿನ ಊರುಗಳಲ್ಲಿ ಕಸ ಮುಚ್ಚಿಡಿ. ಕೋಳಿ, ಕುರಿಯ ತ್ಯಾಜ್ಯವನ್ನು ಗುಡ್ಡದ ಬದಿಗೆ ಎಸೆಯದೆ ಆಳವಾಗಿ ಹೂಳಿ.

ಕರಡಿಯ ರಕ್ತದಲ್ಲಿ ಪರಾವಲಂಬಿಯ ಗುರುತು ಸಿಕ್ಕಿತು ಎಂದು ನಾಳೆ ಯಾವುದಾದರೂ ಪತ್ರಿಕೆಯಲ್ಲಿ ಓದಿದರೆ 'ಕರಡಿ ರೋಗ ಹರಡುತ್ತಿದೆ, ಓಡಿಸಿ, ಹೊಡೆಯಿರಿ' ಎಂದು ಯಾರಾದರೂ ಹೇಳಬಹುದು. ಆಗ ಒಂದು ಪ್ರಶ್ನೆ ಕೇಳಿ. ಆ ಗುರುತು ಕರಡಿಗೆ ಎಲ್ಲಿಂದ ಬಂತು? ಎಷ್ಟೋ ಸಲ ಉತ್ತರ ಕಾಡಿನಲ್ಲಿ ಇರುವುದಿಲ್ಲ. ನಮ್ಮ ಊರಿನ ಕಸದ ಗುಂಡಿಯಲ್ಲಿ, ನಾವು ಬೀದಿಗೆ ಬಿಟ್ಟ ನಾಯಿ ಬೆಕ್ಕುಗಳಲ್ಲಿ, ನಾವು ಎಸೆದ ಮಾಂಸದಲ್ಲಿ ಇರುತ್ತದೆ. ಕರಡಿಯ ಲೆಕ್ಕಪುಸ್ತಕದಲ್ಲಿ ನಮ್ಮ ಹೆಸರೂ ಬರೆದಿದೆ!